ಗೋಪಾಲಪ್ಪನ ನೆಲ್ಲೂರು

ಸೇಲಂ ಸೀಮೆಯ ಮೇಚೇರಿ ಸಂತೆಯ ಧೂಳಿನಲ್ಲಿ ಗೋಪಾಲಪ್ಪನನ್ನು ಗುರುತಿಸಲು ಮುಖ ಕಾಣಬೇಕಾಗಿರಲಿಲ್ಲ, ನಡಿಗೆಯೇ ಸಾಕಾಗಿತ್ತು. ಕೆಸರಿನಿಂದ ಕಿತ್ತು ತೆಗೆದಂತೆ ಒಂದೊಂದು ಪಾದವನ್ನೂ ಮೇಲೆತ್ತಿ, ಕಲ್ಲಿನಂಥ ಒಣನೆಲದ ಮೇಲೆ ಮೆಲ್ಲನೆ ಊರಿ, ನಡುಬೇಸಿಗೆಯ ಕತ್ತಿರಿ ಬಿಸಿಲಿನಲ್ಲೂ ಕುತ್ತಿಗೆಯವರೆಗೆ ಗುಂಡಿ ಹಾಕಿದ ಖಾಕಿ ಕೋಟು ತೊಟ್ಟು, ಮಾರಲು ತಂದ ಕುರಿಗಳ ಬೆನ್ನು ತಡವುತ್ತ ಆ ಎತ್ತರದ ಆಳು ಬರುತ್ತಿದ್ದ. ಯಾರು ಏನು ಕೇಳಿದರೂ ಅವನ ಉತ್ತರ ಪೂರ್ವದ ಕಡಲತಡಿಯಿಂದಲೇ ಹೊರಡುತ್ತಿತ್ತು. ಮಳೆಯ ಮಾತೆತ್ತಿದರೆ, “ಪಾರು, ನೋಡು ಸಾಮಿ, ನೆಲ್ಲೂರ್ ಪಕ್ಕ ಐಪ್ಪಸಿ ಮಳೆ ತಿಂಗ್ಳಾಗೆ ಕಡಲೇ ಮೇಲೆದ್ದು ಬತ್ತೈತೆ,” ಎನ್ನುವನು. ಪೆನ್ನಾ ನದಿ ಸಮುದ್ರ ಸೇರುವ ಮೊದಲು ದಣಿದವಳಂತೆ ಹರಡಿಕೊಳ್ಳುವುದು, ಕಣ್ಣು ಸೋಲುವವರೆಗೆ ಭತ್ತದ ಗದ್ದೆ, ಕಡಲಿಗೆ ಸಮನಾಗಿ ಸಾಗುವ ಹಳೆಯ ಕಾಲುವೆ, ಬಿಳಿಯ ಉಪ್ಪಿನ ರಾಶಿಗಳು, ಗದ್ದೆಯನ್ನೇ ಅಗೆದು ಮಾಡಿದ ಸೀಗಡಿ ಕೆರೆಗಳಲ್ಲಿ ನೀರಿಗೆ ಗಾಳಿ ಬೆರೆಸುತ್ತ ಸುತ್ತುವ ಚಕ್ರಗಳು, ಮಾವಿನಕಾಯಿ ಹಾಕಿದ ಹುಳಿಹುಳಿ ಮೀನುಸಾರು, ಹೀಗೆ ಆ ತೆಲುಗು ಜಿಲ್ಲೆಯನ್ನು ಅವನು ಬಾಯಿಪಾಠ ಒಪ್ಪಿಸುವಾಗ ಸಂತೆಯ ಮಂದಿ ಜಂಭವೆಂದು ನಗುತ್ತಿದ್ದರು. ಅವರ ಜೊತೆಗೆ ನಾನೂ ನಕ್ಕಿದ್ದೇನೆ. ಅದರ ಮೂಲ ನನಗೆ ತಿಳಿದದ್ದು ಬಹಳ ತಡವಾಗಿ, ನಮ್ಮ ಮನೆಯ ಜಗುಲಿಯಲ್ಲಿ ಕುಳಿತು ಅವನೇ ಬಾಯಿಬಿಟ್ಟಾಗ.

ನಮ್ಮ ಮೇಚೇರಿ ಕುರಿ ಗಿಡ್ಡ, ಕೆಂಚು, ನೆಲ್ಲೂರಿನದು ಕರುವಿನೆತ್ತರ. ಆ ತಳಿಯ ಟಗರು ತರಲೆಂದು ತಮ್ಮ ಮುನುಸ್ವಾಮಿಯೊಡನೆ ಹೋದ ಗೋಪಾಲಪ್ಪ, ಕೊಯ್ಲಾದ ಗದ್ದೆಗಳಲ್ಲಿ ಗೊಬ್ಬರಕ್ಕಾಗಿ ಮಂದೆ ತಂಗಿಸುತ್ತ ಕೆಲವು ವರ್ಷ ಅಲ್ಲೇ ನಿಂತ. ಒಂದು ಕಾರ್ತಿಕದಲ್ಲಿ ಬಿರುಗಾಳಿಯ ಮಳೆ ಹಿಡಿಯಿತು. ಕುರಿ ಹೊಡೆದುಕೊಂಡು ಕಾಲುವೆಯ ಏರಿ ಹತ್ತೆಂದು ತಮ್ಮನನ್ನು ಕಳಿಸಿದವನು ಇವನೇ. ಏರಿ ಒಡೆಯಿತು. ನೀರಿಳಿದ ಮೇಲೆ ಸಿಕ್ಕ ದೇಹವನ್ನು ತಾಳೆಮರಗಳ ಮಗ್ಗುಲಲ್ಲಿ ಮಣ್ಣು ಮಾಡಿ, ಗೋಪಾಲಪ್ಪ ಒಬ್ಬನೇ ಊರಿಗೆ ಬಂದ.

ತಾಯಿ ಮುತ್ತಮ್ಮ ಹೊಸ್ತಿಲಲ್ಲಿ ಕಡಲೆಕಾಯಿ ಬಿಡಿಸುತ್ತಿದ್ದಳು. “ಚಿಕ್ಕೋನೆಲ್ಲೋದ್ನಲಾ?” ಎಂದಳು.

ಸತ್ಯ ಗಂಟಲವರೆಗೆ ಬಂದಿತ್ತು. ಬಾಯಿಗೆ ಬಂದದ್ದು ಬೇರೆ. “ಅಲ್ಲೇ ನಿಂತ್ಬುಟ್ಟ ಅವ್ವಾ. ಅಲ್ಲೀ ಎಣ್ಣನ್ನೇ ಕಲ್ಯಾಣ ಆದ.”

ಮುದುಕಿ ಶಪಿಸಿದಳು, ಎರಡು ದಿನ ಉಣ್ಣಲಿಲ್ಲ. ಆಮೇಲೆ ಕೇಳಿದಳು: “ಎಣ್ಣು ಎಂಗವ್ಳೆ?”

ಅಲ್ಲಿಂದ ಶುರುವಾಯಿತು. ಸೊಸೆಗೆ ಪೆಂಚಲಮ್ಮ ಎಂದು ಹೆಸರಿಟ್ಟ. ಸೊಸೆ ಇದ್ದ ಮೇಲೆ ಅವಳಿಗೆ ಮನೆ ಬೇಕು, ಮನೆಯ ಹಿಂದೆ ಗದ್ದೆ ಬೇಕು, ಗದ್ದೆಗೆ ನೀರು ಎಲ್ಲಿಂದ ಬರುತ್ತದೆಂದು ಹೇಳಬೇಕು. ಮುತ್ತಮ್ಮ ಮಣ್ಣಿನಲ್ಲಿ ಬಾಳಿದವಳು, ಸುಮ್ಮನೆ ಒಪ್ಪುವವಳಲ್ಲ. ಪ್ರತಿವರ್ಷ ಟಗರು ತರುವ ನೆಪದಲ್ಲಿ ಹೋಗಿ, ತಮ್ಮನ ಮಣ್ಣಿಗೆ ಕೈಮುಗಿದು, ಬೆಳೆ, ಬೆಲೆ, ಅಡುಗೆ, ಹಬ್ಬ ಎಲ್ಲವನ್ನೂ ಕಂಡವರಲ್ಲಿ ಕೇಳಿಕೊಂಡು ಬಂದು ಅವನು ತಾಯಿಯ ಮುಂದೆ ಹರಡುತ್ತಿದ್ದ. ಫೋನಿನಲ್ಲಿ ಮಾತಾಡಿಸೆಂದರೆ, “ಉಪ್ಪುಗಾಳಿಗೆ ಟವರ್ ನಿಲ್ಲಾಕಿಲ್ಲ ಅವ್ವಾ,” ಎನ್ನುತ್ತಿದ್ದ.

ಒಮ್ಮೆ ನೆಲ್ಲೂರಿನ ರೊಟ್ಟಿ ಹಬ್ಬದ ಕಥೆ ಹೇಳಿದ: ದರ್ಗಾದ ಪಕ್ಕದ ಕೆರೆಯಲ್ಲಿ ಜಾತಿ ಮತವೆನ್ನದೆ ಜನ ನಿಂತು, ಹರಕೆ ಫಲಿಸಿದವರು ಹರಕೆ ಹೊತ್ತವರಿಗೆ ರೊಟ್ಟಿ ಕೊಡುತ್ತಾರೆ, ಮದುವೆಗೊಂದು ರೊಟ್ಟಿ, ಮನೆಗೊಂದು, ಮಕ್ಕಳಿಗೊಂದು. ಮುತ್ತಮ್ಮ ಅವನ ಕೋಟಿನ ತೋಳು ಹಿಡಿದಳು. “ಸೊಸೆಗೆ ಒಂದು ಮಕ್ಕಳ ರೊಟ್ಟಿ ಇಸ್ಕೊಡ್ಲಾ.” ಮುಂದಿನ ಸಲ ಅವನು ಬಸ್ಸಿಳಿಯುವಷ್ಟರಲ್ಲಿ ಎದುರಿಗೆ ನಿಂತಿದ್ದಳು. “ಏನಾತ್ಲಾ?” ಆ ಮುಖವನ್ನು ನೋಡಿ ಇಲ್ಲವೆನ್ನಲು ಅವನಿಂದಾಗಲಿಲ್ಲ. “ಎಣ್ಮಗು ಅವ್ವಾ,” ಎಂದ. ಪುಷ್ಪಾ ಎಂದು ಮುದುಕಿಯೇ ಹೆಸರಿಟ್ಟು, ಬೀದಿಗೆಲ್ಲ ಸಕ್ಕರೆ ಹಂಚಿದಳು.

ಮಗು ಬಂದ ಮೇಲೆ ಮುದುಕಿಯನ್ನು ಹಿಡಿದು ನಿಲ್ಲಿಸುವುದು ಯಾರಿಂದ ಸಾಧ್ಯ? ಮೊಮ್ಮಗಳಿಗೆ ಪುಟ್ಟದೊಂದು ಪಾವಾಡೆ ಲಂಗ ಹೊಲಿಸಿಕೊಂಡು, ಕರೆದುಕೊಂಡು ಹೋಗೆಂದು ಹಟ ಹಿಡಿದಳು. ಕೊನೆಗೆ ಸೇಲಂನಿಂದ ರೈಲು ಹತ್ತಿದರು. ದಾರಿಯುದ್ದಕ್ಕೂ ಅವಳು ಕಿಟಕಿಯಲ್ಲಿ ಗದ್ದೆ, ತಾಳೆ, ಉಪ್ಪಿನ ರಾಶಿ ಒಂದೊಂದನ್ನೂ ಗುರುತು ಹಿಡಿದು, “ನೀ ಏಳ್ದಂಗೇ ಐತೆ ಕಣ್ಲಾ,” ಎಂದು ಹಿಗ್ಗುತ್ತಿದ್ದಳು. ಕಾಲುವೆಯ ಏರಿಯ ಮೇಲೆ ಗೋಪಾಲಪ್ಪ ಅವಳ ಕಾಲು ಹಿಡಿದು ಎಲ್ಲವನ್ನೂ ಹೇಳಿದ.

ಮುತ್ತಮ್ಮ ತಾಳೆಮರಗಳ ಮಗ್ಗುಲಿನ ಮಣ್ಣಿನ ಗುಡ್ಡೆಯ ಮೇಲೆ ಕೈಯಿಟ್ಟು ಕುಳಿತಳು. “ಅಂಗಾದ್ರೆ ಸೊಸೆ? ಮಗು?” ಎಂದಳು.

“ಅವ್ರೂ ಇಲ್ಲ ಅವ್ವಾ.”

“ಮುನೀನ ನೀರು ಕೊಂಡೋಯ್ತು. ಅವ್ರಿಬ್ರನ್ನ ನೀ ಯಾಕ್ಲಾ ಸಾಯಿಸ್ದೆ?”

ಊರಿಗೆ ಬಂದು ಅಮಾವಾಸ್ಯೆಗೆ ಅವಳು ಸತ್ತವರ ಎಡೆಗೆ ಮೂರು ಎಲೆ ಹಾಕಿದಳು. ಬದುಕಿದ್ದಷ್ಟು ದಿನವೂ ಹಾಗೆಯೇ ಹಾಕಿದಳು. ಮಗನನ್ನು ಬೈಯಲಿಲ್ಲ, ಆದರೆ ಆ ಸೀಮೆಯ ಸುದ್ದಿಯನ್ನು ಮತ್ತೆ ಕೇಳಲೂ ಇಲ್ಲ. ಕೇಳುವವಳಿಲ್ಲದ ಮಾತನ್ನೇ ಅವನು ಸಂತೆಗೆ ತಂದು ಸುರಿಯುತ್ತಿದ್ದ. ಅಂದು ನಮ್ಮ ಜಗುಲಿಯಿಂದ ಏಳುವಾಗ, “ಪುಷ್ಪಾನ ಈ ವರ್ಸ ಸ್ಕೂಲ್‌ಗೆ ಸೇರಿಸ್ಬೇಕಿತ್ತು ಸಾಮಿ,” ಎಂದ. ಅವನ ಕಣ್ಣುಗಳು ತುಂಬಿದ್ದವು.

ದುಃಖವನ್ನು ತಾವೊಬ್ಬರೇ ಹೊತ್ತು ಮನೆಯವರನ್ನು ಉಳಿಸುತ್ತೇವೆಂದು ನಂಬಿದ ಇಂಥವರು ಎಲ್ಲ ಸೀಮೆಗಳಲ್ಲೂ ಇದ್ದಾರೆ. ಅವರನ್ನು ಸುಳ್ಳರೆನ್ನಲು ನನಗೆ ನಾಲಿಗೆ ಏಳದು, ಕರುಣಾಳುಗಳೆಂದು ಹೊಗಳಲೂ ಮನಸ್ಸು ಬಾರದು. ಪ್ರೀತಿಯಿಂದ ಅವರು ಹುಟ್ಟಿಸಿದ ಜೀವಗಳಿಗೆ ಹೂಳುವ ನೆಲವಿರುವುದಿಲ್ಲ. ಅಳುವುದಕ್ಕೆ ಮಾತ್ರ ಆ ಜೀವಗಳು ತೀರ ನಿಜವಾಗಿರುತ್ತವೆ.