ಸಂಜೆ ಬಸ್ಸಿಗೆ ಹತ್ತೊಂಬತ್ತು ಸಹಿ

ಶಾಲೆಯಿಂದ ಬಂದ ಕಾಗದವನ್ನು ಸೆಲೆಸ್ತೀನೊ ಎಂದೂ ಹರಿದೆಸೆದವನಲ್ಲ. ಓದಿದವನೂ ಅಲ್ಲ! ಫ್ರಿಜ್ಜಿನ ಬಾಗಿಲಿಗೆ ಅಯಸ್ಕಾಂತದಿಂದ ಸಿಕ್ಕಿಸಿಬಿಡುತ್ತಿದ್ದ. ಮೇಲೆ ಟೈರ್ ಅಂಗಡಿಯ ರಿಯಾಯಿತಿ ಚೀಟಿ, ಅದರಡಿ ಚರ್ಚಿನ ಕ್ಯಾಲೆಂಡರು, ಎಲ್ಲಕ್ಕಿಂತ ಕೆಳಗೆ ಶಾಲೆಯ ಹಳದಿ ಕಾಗದ.

ಆ ಮನೆಯಲ್ಲಿ ಸಹಿ ಎಂದರೆ ಭಯ. ಅವನ ತಾತ ತನಗೆ ತಿಳಿಯದ ಭಾಷೆಯ ಕಾಗದಕ್ಕೆ ಸಹಿ ಹಾಕಿ, ಬೆಟ್ಟದ ಮೇಲಿನ ಕುರಿ ಮೇಯುವ ಜಾಗವನ್ನೆಲ್ಲ ಕಳೆದುಕೊಂಡಿದ್ದ. ನ್ಯೂ ಮೆಕ್ಸಿಕೋದ ಆ ಕಣಿವೆಯಲ್ಲಿ ಇಂಥ ತಾತಂದಿರಿಗೆ ಬರವಿಲ್ಲ. ಹಾಗಾಗಿ ಮೊಮ್ಮಕ್ಕಳೂ ಪೆನ್ನು ಕಂಡರೆ ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದರು.

ಏಪ್ರಿಲ್‌ನ ಒಂದು ಮಧ್ಯಾಹ್ನ ಶಾಲೆಯ ಬಸ್ಸು ಓಡಿಸುವ ಒರ್ಲಿಂಡಾ ಅವನ ಗೇಟಿನ ಮುಂದೆ ನಿಂತಳು. ಸೆಲೆಸ್ತೀನೊನ ಮಗಳು ಬರ್ನಡೆಟ್‌ಗೆ ಜ್ಞಾನಸ್ನಾನದಲ್ಲಿ ತಾಯಿಯಾಗಿ ನಿಂತವಳು ಅವಳೇ. ಅಂದಿನಿಂದ ಇವನು ಅವಳಿಗೆ ಕೊಂಪಾದ್ರೆ, ಅವಳು ಇವನಿಗೆ ಕೊಮಾದ್ರೆ. ಮರ್ಯಾದೆಯೂ ಉಂಟು, ಬೈಯುವ ಹಕ್ಕೂ ಉಂಟು.

"ಕೊಂಪಾದ್ರೆ, ಸಂಜೆ ಬಸ್ಸಿನ ಚೀಟಿಗೆ ಸಹಿ ಹಾಕಿದ್ರಾ?"

"ಯಾವ ಚೀಟಿ?"

"ಅದೇ ಅಂದ್ಕೊಂಡೆ! ಬರುವ ವರ್ಷ ನಿಮ್ಮ ಮಗಳು ಶಾಲೇಲೇ ಕಾಲೇಜಿನ ಪಾಠ ಓದ್ಬೇಕು ಅಂತಿದಾಳೆ. ಫೀಸಿಲ್ಲ. ಇಲ್ಲಿ ಪಾಸಾದ್ರೆ ಕಾಲೇಜಲ್ಲಿ ಮತ್ತೆ ಅದನ್ನ ಓದ್ಬೇಕಾಗಿಲ್ಲ. ಆದ್ರೆ ಪಾಠ ಮುಗಿಯೋದು ಐದೂವರೆಗೆ. ನನ್ನ ಬಸ್ಸು ಮೂರಕ್ಕೇ ಹೊರಡುತ್ತೆ. ಸಂಜೆ ಬಸ್ಸು ನಿಂತುಹೋದ್ರೆ ಇಪ್ಪತ್ತು ಮೈಲಿ ನಡ್ಕೊಂಡು ಬರ್ತಾಳಾ?"

"ಯಾಕ್ ನಿಲ್ಲುತ್ತೆ?"

"ಶಾಲಾ ಮಂಡಳಿ ಹತ್ರ ದುಡ್ಡು ಕಮ್ಮಿ. ಬಸ್ಸು ಬೇಕು ಅಂತ ಸಹಿ ಮಾಡಿ ಕಳ್ಸಿರೋರು ನಾಲ್ಕೇ ಮನೆಯವರು. ನಾಲ್ಕು ಮಕ್ಕಳಿಗೆ ಯಾರು ಬಸ್ಸು ಬಿಡ್ತಾರೆ? ಪಾಠ ಬೇಕು ಅಂತ ನನ್ನ ತಲೆ ತಿನ್ನೋ ಮಕ್ಕಳು ಹತ್ತೊಂಬತ್ತು ಇದಾರೆ! ಮಂಗಳವಾರ ಬಜೆಟ್ ಸಭೆ. ಬನ್ನಿ, ಮಾತಾಡಿ."

ಸೆಲೆಸ್ತೀನೊ ನಕ್ಕ. "ಅವರು ಮೊದ್ಲೇ ಎಲ್ಲಾ ಬರ್ದಿಟ್ಟಿರ್ತಾರೆ ಕೊಮಾದ್ರೆ. ದೊಡ್ಡೋರ ಸಭೇಲಿ ನನ್ನ ಕೆಸರು ಬೂಟಿಗೇನು ಕೆಲ್ಸ?"

"ಮತ್ತೆ ಹೋದ ತಿಂಗ್ಳು ಜ್ವರ ಇಟ್ಕೊಂಡು ಕಾಲುವೆ ಸಭೆಗೆ ಹೋಗಿದ್ರಲ್ಲ?"

"ಹೋಗ್ದೆ? ನೀರುಗಂಟಿ ಪಟ್ಟೀಲಿ ಹೆಸ್ರಿಲ್ದೋನ ಹೊಲಕ್ಕೆ ನೀರೆಲ್ಲಿಂದ ಬರುತ್ತೆ?"

"ಶಾಲೇದೂ ಹಂಗೇ. ಅಲ್ಲಿ ಹರಿಯೋ ದುಡ್ಡು ನಿಮ್ಮ ತೆರಿಗೇದು, ನನ್ನ ತೆರಿಗೇದು. ಪಟ್ಟೀಲಿ ನಿಮ್ಮ ಮಗಳ ಹೆಸ್ರಿಲ್ಲ, ನೀರು ಬೇರೆ ಕಡೆ ತಿರುಗ್ತಿದೆ. ಅತ್ರೆ ತಾನೇ ತಾಯೀನೂ ಹಾಲು ಕೊಡೋದು?"

ಸೆಲೆಸ್ತೀನೊನ ನಗು ನಿಂತಿತು. ಒಳಗೆ ಹೋಗಿ ಹಳದಿ ಕಾಗದ ಎಳೆದು ತಂದ. ಮುಖ ಗಂಟಿಕ್ಕಿ, "ಎಲ್ಲಾ ಇಂಗ್ಲಿಷು. ಮಾತಾಡೋಕೆ ಬರುತ್ತೆ. ಈ ವಕೀಲರ ಇಂಗ್ಲಿಷು ನಂಗಾಗಲ್ಲ" ಎಂದ.

ಬಾಗಿಲಲ್ಲಿ ನಿಂತಿದ್ದ ಬರ್ನಡೆಟ್ ಮೆಲ್ಲಗೆ ಹೇಳಿದಳು. "ಅಪ್ಪಾ, ಹಿಂದೆ ತಿರುಗ್ಸಿ."

ಹಿಂದೆ ಸ್ಪ್ಯಾನಿಷ್ ಇತ್ತು. ಅವನ ಅಮ್ಮನ ಮಾತು! ವರ್ಷಗಳಿಂದ ಪ್ರತಿ ಕಾಗದದಲ್ಲೂ ಆ ಮಗ್ಗುಲು ಫ್ರಿಜ್ಜಿನ ಕಡೆಗೇ ಮುಖ ಮಾಡಿಕೊಂಡಿತ್ತು. ಅವನು ಎರಡು ಸಲ ಗಟ್ಟಿಯಾಗಿ ಓದಿದ. ಹೊಲದ ಸುದ್ದಿಯಿಲ್ಲ, ಸಾಲದ ಸುದ್ದಿಯಿಲ್ಲ. ಮಗುವಿಗೆ ಬಸ್ಸು ಬೇಕೇ ಎಂದಷ್ಟೇ ಕೇಳಿದ್ದರು. ಅವನಿಗೆ ನಾಚಿಕೆಯಾಯಿತು. ಸಹಿ ಹಾಕಿದ.

ಶನಿವಾರ ಕಾಲುವೆಯ ಹೂಳೆತ್ತಲು ಊರೆಲ್ಲ ಸೇರಿತ್ತು. ಸೆಲೆಸ್ತೀನೊ ಒರ್ಲಿಂಡಾಳಿಂದ ಖಾಲಿ ಚೀಟಿಗಳನ್ನು ತಂದು, ಎಲ್ಲರಿಗೂ ಮೊದಲು ಹಿಂದಿನ ಪುಟ ಓದಿಸಿದ. ಸಲಿಕೆಯ ಬೆನ್ನ ಮೇಲೆ ಕಾಗದವಿಟ್ಟು ಹದಿನಾಲ್ಕು ಮಕ್ಕಳ ಮನೆಯವರು ಸಹಿ ಮಾಡಿದರು. ಅವನದು ಸೇರಿ ಹದಿನೈದಾಯಿತು.

ಮಂಗಳವಾರ ಸಭೆ ಶುರುವಾಗುವ ಮೊದಲೇ ಒರ್ಲಿಂಡಾ ಬಾಗಿಲ ಬಳಿ ಇಟ್ಟಿದ್ದ ಮಾತಾಡುವವರ ಪಟ್ಟಿಯಲ್ಲಿ ಅವನ ಹೆಸರು ಬರೆಸಿದಳು. ಹೆಸರು ಕೊಟ್ಟವರಿಗೆ ಮೂರು ನಿಮಿಷ ಮಾತು. ಅವನು ಮೈಕಿನ ಮುಂದೆ ಹೋಗಿ ನಿಂತ.

"ಗೋಡೆ ಮೇಲೆ ನಿಮ್ಮ ಗುರಿ ಬರ್ದಿದೀರಿ, ಪ್ರತಿ ಮಗೂನೂ ಕಾಲೇಜಿಗೆ ಸಿದ್ಧ ಮಾಡ್ತೀವಿ ಅಂತ. ನಿಮ್ಮ ಕಾಗದ ಓದ್ದೇ ಇದ್ದಿದ್ದು ನಮ್ಮ ತಪ್ಪು. ಇಗೋ, ಹದಿನೈದು ಸಹಿ. ಮೊದ್ಲಿನ ನಾಲ್ಕೂ ಸೇರಿದ್ರೆ ಹತ್ತೊಂಬತ್ತು. ಕಾಲೇಜು ದೂರದ ಮಾತು. ಮೊದ್ಲು ಮಕ್ಕಳು ಮನೆ ಸೇರ್ಲಿ."

ಅಧ್ಯಕ್ಷೆ ಚೀಟಿಗಳನ್ನು ಒಂದೊಂದಾಗಿ ನೋಡಿದರು. ಮಂಡಳಿಯವರು ಬಜೆಟ್ಟಿನ ಹಾಳೆ ತಿರುವಿ ಹಾಕಿದರು, ವಾದ ಮಾಡಿದರು. ಕೊನೆಗೆ ಆಟದ ಮೈದಾನದ ಹೊಸ ಅಂಕ ಫಲಕದ ಖರ್ಚು ಮುಂದಿನ ವರ್ಷಕ್ಕೆ ಹೋಯಿತು, ಸಂಜೆ ಬಸ್ಸು ಉಳಿಯಿತು.

ಹೊರಗೆ ಬಂದ ಸೆಲೆಸ್ತೀನೊಗೆ ಎದೆಯ ಮೇಲಿನ ಕಲ್ಲು ಇಳಿದಂತಾಯಿತು. "ಮೂರೂ ನಿಮಿಷ ಖರ್ಚೇ ಆಗ್ಲಿಲ್ಲ ಕೊಮಾದ್ರೆ!" ಎಂದು ನಗುತ್ತಲೇ ಕಣ್ಣೊರೆಸಿಕೊಂಡ.

ಆಗಸ್ಟಿನ ಒಂದು ಸಂಜೆ, ಆರು ದಾಟಿದ ಮೇಲೆ, ಹಳದಿ ಬಸ್ಸು ಗೇಟಿನ ಮುಂದೆ ನಿಂತಿತು. ಬರ್ನಡೆಟ್ ಇಳಿದಳು. ಕೈಯಲ್ಲಿ ಕಾಲೇಜಿನ ಪುಸ್ತಕ, ಜೊತೆಗೆ ಶಾಲೆಯ ಇನ್ನೊಂದು ಕಾಗದ. ಸೆಲೆಸ್ತೀನೊ ಅಲ್ಲೇ ನಿಂತು ಅದನ್ನು ಮೊದಲು ಹಿಂದೆ ತಿರುಗಿಸಿ ಓದಿದ.

ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಶಾಲೆಯ ಕಾಗದವೊಂದು ಎಲ್ಲೋ ಸಿಕ್ಕಿಕೊಂಡಿರಬಹುದು. ಇವತ್ತೇ ತೆಗೆದು ಎರಡೂ ಕಡೆ ಓದಿ. ತಿಳಿಯದಿದ್ದರೆ ಮಗುವನ್ನೇ ಕೇಳಿ, ನಾಚಿಕೆ ಬೇಡ. ಶಾಲೆಯ ದುಡ್ಡು ಎತ್ತ ಹರಿಯಬೇಕೆಂದು ಮಾತಾಡುವ ದಿನ ನೀವೂ ಅಲ್ಲಿರಿ. ಬೂಟಿನ ಕೆಸರು ಒರೆಸಿಕೊಳ್ಳದಿದ್ದರೂ ಪರವಾಗಿಲ್ಲ.