ಸೊನ್ನೆಯೊಳಗಿನ ಗೆರೆ

ಮಗುವೊಂದು ಬರೆದ ಸರಿಯುತ್ತರವನ್ನು ಕಳವೆಂದು ಕರೆಯಲು, ಪಾಠ ಹೇಳುವ ನಿಮಗೆ ಎಷ್ಟು ಹೊತ್ತು ಬೇಕಾಯಿತು? ನಾಗನೂರಿನ ಗಣಿತದ ಮಾಸ್ತರ ಶಿವಾನಂದರಿಗೆ ಅರ್ಧ ನಿಮಿಷವೂ ಬೇಕಾಗಿರಲಿಲ್ಲ, ಈಗ ಗೋಕಾಕದ ಮೇಲೆ ಹುಕ್ಕೇರಿಗೆ ಹೋಗುವ ಬಸ್ಸಿನ ಕಿಟಕಿಯಾಚೆ ಕಬ್ಬು ಸಾಲುಸಾಲಾಗಿ ಹಿಂದೆ ಸರಿಯುತ್ತಿದೆ, ಪ್ರತಿ ಸಾಲೂ ಒಂದು ಗೆರೆ, ನೆಟ್ಟನೆಯ ಗೆರೆ, ಆ ಹುಡುಗಿ ಪೆನ್ಸಿಲಿನಲ್ಲಿ ಎಳೆದಂಥದ್ದೇ — ಬೇಡ, ಅದು ಮುಗಿದ ಮಾತು, ಚೀಲದಲ್ಲಿ ಹುಕ್ಕೇರಿಯ ಗಣಿತ ಸ್ಪರ್ಧೆಗೆ ಕಳಿಸುವ ಹೆಸರುಪಟ್ಟಿ ಇದೆ, ಹನ್ನೆರಡರೊಳಗೆ ಅಲ್ಲಿಗೆ ಮುಟ್ಟಿಸಬೇಕು, ಅದರಲ್ಲಿ ಲಕ್ಕವ್ವನ ಹೆಸರಿಲ್ಲ, ಇರಬಾರದು, ಹಂತಗಳನ್ನೇ ಬರೆಯದವಳ ಹೆಸರು ಹೇಗೆ ಇದ್ದೀತು? ನಲವತ್ತೆಂಟು ಚದರ ಸೆಂಟಿಮೀಟರಿನ ಆಯತ, ಅದರ ತಳದ ಬಾಹುವನ್ನೇ ಪಾದವಾಗಿಸಿಕೊಂಡು ಮೇಲಿನ ಬಾಹುವನ್ನು ತುದಿಯಿಂದ ಮುಟ್ಟುವ ತ್ರಿಭುಜ, ವಿಸ್ತೀರ್ಣವೆಷ್ಟು — ಉಳಿದವರು ಸೂತ್ರ ಬರೆದು ಪುಟ ತುಂಬಿಸಿದ್ದರು, ಇವಳು ತುದಿಯಿಂದ ಕೆಳಕ್ಕೆ ಒಂದೇ ಗೆರೆ ಎಳೆದು ಇಪ್ಪತ್ನಾಲ್ಕು ಎಂದಿದ್ದಳು. ಹೆಂಗ ಬಂತ ಇದು? ಕಂಡತ್ರಿ ಸರ. ಏನ ಕಂಡತು, ಬಾಜೂದಾಕಿ ಹಾಳಿ ಕಂಡತೇನ? ತರಗತಿ ನಕ್ಕಿತು, ಕಳ್ಳಿ ಎಂಬ ಮಾತು ತಮ್ಮ ಬಾಯಿಂದಲೇ ಬಿತ್ತು, ಗೆರೆಯ ಸುತ್ತ ಕೆಂಪು ಸೊನ್ನೆಯೂ ಬಿತ್ತು, ನಾಲ್ಕು ದಿನದಿಂದ ಮೂರನೆಯ ಬೆಂಚಿನಲ್ಲಿ ಅವಳ ಜಾಗ ಖಾಲಿ — ಬಸ್ಸು ಗಕ್ಕನೆ ನಿಂತಿತು, ರಸ್ತೆ ತುಂಬ ಕುರಿಗಳು, ಏ ಕಾಕಾ, ಇಷ್ಟೂ ಮಂದಿಗಿ ಟಿಕೀಟ ಹರೀಲೇನ ಎಂದ ಕಂಡಕ್ಟರ್, ಹರಿಯೋ ತಮ್ಮಾ, ಆದರ ಎಲ್ಲಾರಿಗೂ ಸೀಟ ಕೊಡಸಬೇಕ ನೀನು — ಕಂಬಳಿಯೊಳಗಿನ ಆ ದನಿ ಲಕ್ಕವ್ವನ ತಂದೆ ಬೀರಸಿದ್ದಪ್ಪನದು. ಅವನು ಹಿಂಡಿನ ಮೇಲೆ ಒಮ್ಮೆ ಕಣ್ಣಾಡಿಸಿದ, ನಿಂದರ್ರಿ, ಒಂದ ಹಿಂದ ಉಳದೈತಿ. ಎಣಸಲಾರದ ಹೆಂಗ ತಿಳೀತಪಾ, ಎಂದು ಮಾಸ್ತರರು ಕಿಟಕಿಯಿಂದ ಕೇಳಿಯೇಬಿಟ್ಟರು. ಕುರಿ ಎಣಸಬಾರದ್ರಿ ಗುರುಗಳ, ನಮ್ಮ ಮನ್ಯಾಗ ಯಾರೂ ಎಣಸಂಗಿಲ್ಲ, ಇಲ್ಲದ್ದರ ಜಾಗಾ ಕಾಣತೈತಲ್ರಿ. ಅಷ್ಟರಲ್ಲಿ ಕಬ್ಬಿನ ಬದುವಿನಿಂದ ಕಪ್ಪು ಕಿವಿಯದೊಂದು ಕುಂಟುತ್ತ ಹೊರಬಂತು. ಲಕ್ಕವ್ವ ಎಲ್ಲಿ ಎಂದು ಕೇಳುವಾಗ ಮಾಸ್ತರರ ದನಿ ಇಳಿಯಿತು. ಮನ್ಯಾಗ ಅದಾಳ್ರಿ, ಕಳ್ಳಿ ಅನಿಸಿಕೊಂಡ ಸಾಲಿಗಿ ಕಾಲ ಇಡಂಗಿಲ್ಲ ಅಂತಾಳ, ಖರೇನ ಕದ್ದಾಳೇನ್ರಿ ನನ್ನ ಮಗಳು? ಕುರಿಗಳು ರಸ್ತೆ ದಾಟಿದವು, ಬಸ್ಸು ಹೊರಟಿತು, ಕೈ ತಾನಾಗಿ ಚೀಲದಿಂದ ಅವಳ ಹಾಳೆ ತೆಗೆಯಿತು, ಗೆರೆ ಆಯತವನ್ನು ಎರಡಾಗಿಸಿದೆ, ಎಡದ ತುಂಡನ್ನು ತ್ರಿಭುಜದ ಒಂದು ಬಾಹು ಅರ್ಧಕ್ಕೆ ಸೀಳಿದೆ, ಬಲದ್ದನ್ನು ಇನ್ನೊಂದು, ಎರಡು ಅರ್ಧ ಸೇರಿದರೆ ಒಟ್ಟಿನ ಅರ್ಧ — ಹಂತ ಇತ್ತು, ಒಂದೇ ಗೆರೆಯಲ್ಲಿ ಇತ್ತು, ಓದಲು ಬಾರದವರು ತಾವು. ಕಂಡದ್ದನ್ನು ಬಿಡಿಸಿ ಬರೆಯಲು ಕಲಿಸುವುದಕ್ಕೇ ತಮಗೆ ಆ ಕುರ್ಚಿ, ಕಲಿಸದೆ ಶಿಕ್ಷಿಸಿದ್ದು ಯಾವ ನ್ಯಾಯ? ಪಟ್ಟಿಯ ಕೊನೆಗೆ ಅವಳ ಹೆಸರು ಬರೆದರು, ಆದರೆ ಹೆಸರು ಹುಕ್ಕೇರಿಗೆ ಹೋದರೆ ಹುಡುಗಿ ಶಾಲೆಗೆ ಬಂದಾಳೆಯೇ, ನಲವತ್ತು ಮಕ್ಕಳೆದುರು ಆಡಿದ್ದನ್ನು ನಲವತ್ತು ಮಕ್ಕಳೆದುರೇ ಹಿಂತೆಗೆಯಬೇಕು, ನಾಳೆ, ಮೊದಲ ಅವಧಿಯಲ್ಲೇ, ಅದಕ್ಕೂ ಮುಂಚೆ ಇಂದು ಸಂಜೆ ಅವಳ ಮನೆಯ ಬಾಗಿಲಲ್ಲಿ ನಿಂತು — ಏನೆಂದು? ಬೆರಳು ಹಾಳೆಯ ಮೇಲಿನ ಸೊನ್ನೆಯನ್ನು ಉಜ್ಜುತ್ತಿದೆ, ಎಷ್ಟು ಉಜ್ಜಿದರೂ ಕೆಂಪು ಹೋಗುತ್ತಿಲ್ಲ, ಕಾಗದವೇ ತೆಳುವಾಗುತ್ತಿದೆ, ಸೊನ್ನೆ, ಸೊನ್ನೆಯೊಳಗೆ ಆ ಗೆರೆ. ನಿಮ್ಮ ಮೇಜಿನ ಮೇಲೂ ಅಂಥದೊಂದು ಹಾಳೆ ಇದ್ದೀತು. ಕೆಂಪು ಪೆನ್ನು ಕೆಳಗಿಡಿ, ಮಗುವನ್ನು ಬಳಿಗೆ ಕರೆಯಿರಿ, ಆ ಗೆರೆಯ ಮೇಲೆ ಬೆರಳಿಟ್ಟು, ಏನು ಕಂಡಿತು ಹೇಳು, ಎನ್ನಿ.