ಖಾಲಿ ಬಾಟಲಿಯ ಸ್ಕೀಮು

ಆಫೀಸಿನಲ್ಲಿ ಎಲ್ಲರೂ ಅವನನ್ನು ಸಾರ್ ಎನ್ನುತ್ತಿದ್ದರು. ಅಣ್ಣನ ಮನೆಯಲ್ಲಿ ಮಾತ್ರ ಅವನು ಇನ್ನೂ ಮುಚ್ಚಳ. ಚಿಕ್ಕವನಿದ್ದಾಗ ಅಪ್ಪನ ಸೋಡಾ ಕಾರ್ಖಾನೆಯಲ್ಲಿ ಬಾಟಲಿಗೆ ಮುಚ್ಚಳ ಒತ್ತುವ ಯಂತ್ರದ ಹಿಡಿಕೆಗೆ ನೇತುಬಿದ್ದು ಹಟ ಮಾಡುತ್ತಿದ್ದನೆಂದು ಅಣ್ಣ ಇಟ್ಟ ಹೆಸರು ಅದು. ಅಪ್ಪ ಹೋದ ಮೇಲೆ ಕಾರ್ಖಾನೆ ಅಣ್ಣನ ಹೆಗಲಿಗೆ ಬಿತ್ತು, ಓದು ತಮ್ಮನ ಪಾಲಿಗೆ ಬಂತು. ಕಾರ್ಖಾನೆ ಎಂದರೆ ಮಹಾ ಏನಲ್ಲ. ತಗಡಿನ ಮಾಡು, ಬಾಟಲಿ ತೊಳೆಯುವ ಎರಡು ತೊಟ್ಟಿ, ಗ್ಯಾಸ್ ತುಂಬುವ ಒಂದು ಮುದಿ ಯಂತ್ರ, ದುಡಿಯುವುದಕ್ಕೆ ಅಣ್ಣ, ಅತ್ತಿಗೆ ಮತ್ತು ಇಬ್ಬರು ಹೆಂಗಸರು. ಆದರೆ ಅಲ್ಲಿಂದ ಬರುತ್ತಿದ್ದ ಶುಂಠಿ ಸೋಡಾಕ್ಕೆ ಊರಿನಲ್ಲಿ ಎದುರಿರಲಿಲ್ಲ.

ಈ ತಮ್ಮ ಸೇಲ್ಸ್ ಮ್ಯಾನೇಜರನಾಗಿದ್ದ ದೊಡ್ಡ ತಂಪು ಪಾನೀಯದ ಕಂಪನಿ ಆ ಊರಿನಲ್ಲಿ ಮೂರು ವರ್ಷದಿಂದ ಬೆವರು ಸುರಿಸುತ್ತಿತ್ತು. ಕಂಡ ಕಂಡ ಗೋಡೆಗೆಲ್ಲ ಕೆಂಪು ಬಣ್ಣ ಬಳಿಯಿತು. ಅಂಗಡಿಗಳಿಗೆ ದೊಡ್ಡ ದೊಡ್ಡ ಛತ್ರಿ ಹಂಚಿತು. ಜನ ಛತ್ರಿಯ ಕೆಳಗೆ ಆರಾಮಾಗಿ ಕೂತು ಅಣ್ಣನ ಶುಂಠಿ ಸೋಡಾ ಕುಡಿದು, ಸದ್ದು ಮಾಡಿ ತೇಗಿ, ಎದ್ದು ಹೋದರು.

"ಆ ತಗಡಿನ ಶೆಡ್ಡು ಇನ್ನೂ ಯಾಕ್ರೀ ಉಸಿರಾಡ್ತಿದೆ?" ಎಂದು ದೊಡ್ಡ ಸಾಹೇಬರು ಒಂದು ದಿನ ಮೀಟಿಂಗಿನಲ್ಲಿ ಎಲ್ಲರೆದುರು ಕೇಳಿದರು. "ನಿಮ್ಮಣ್ಣ ಅಂತ ಬಿಟ್ಟುಬಿಟ್ಟಿದ್ದೀರೋ ಹೇಗೆ?"

ತಮ್ಮನಿಗೆ ಮೈಯೆಲ್ಲ ಉರಿಯಿತು. ಉರಿಯಲ್ಲೇ ಬಾಯಿ ತೆರೆದ.

"ಅವರ ಸೋಡಾ ಜೊತೆ ಗುದ್ದಾಡಿ ಪ್ರಯೋಜನ ಇಲ್ಲ ಸಾರ್. ಅವರ ಹತ್ರ ಇರೋದೇ ಆರು ಸಾವಿರ ಬಾಟಲಿ. ಅಂಗಡಿಗೆ ಹೋದ ಬಾಟಲಿ ಹನ್ನೊಂದು ದಿನದೊಳಗೆ ಖಾಲಿಯಾಗಿ ವಾಪಸ್ ಬಂದ್ರೆ ಮಾತ್ರ ಯಂತ್ರ ತಿರುಗತ್ತೆ. ಹೊಸ ಬಾಟಲಿ ಒಳಗಿನ ಸೋಡಾಕ್ಕಿಂತ ದುಬಾರಿ. ಖಾಲಿ ಬಾಟಲಿ ವಾಪಸ್ ಹೋಗದ ಹಾಗೆ ನೋಡ್ಕೊಂಡ್ರೆ ಸಾಕು."

ಹೇಳಿ ಮುಗಿಸಿದ ಮೇಲೆ ನಾಲಿಗೆ ಕಚ್ಚಿಕೊಂಡ. ಹನ್ನೊಂದು ದಿನದ ಆ ಗುಟ್ಟನ್ನು ಅಪ್ಪ ಊಟಕ್ಕೆ ಕೂತಾಗ ಇಬ್ಬರು ಮಕ್ಕಳಿಗೆ ಮಾತ್ರ ಹೇಳಿ, ಇದು ಈ ಮನೆ ಹೊಸಿಲು ದಾಟಬಾರದು ಕಣ್ರೋ ಎಂದಿದ್ದರು. ಆದರೆ ಸಾಹೇಬರು ಆಗಲೇ ಕುರ್ಚಿಯಿಂದೆದ್ದು ಬಂದು ಅವನ ಬೆನ್ನು ತಟ್ಟುತ್ತಿದ್ದರು. ಬೆನ್ನಿಗೆ ಬಿದ್ದ ಆ ಕೈ ಅವನಿಗೆ ಹಿತವಾಗಿತ್ತು, ಅದನ್ನು ಮುಚ್ಚಿಟ್ಟು ಏನು ಪ್ರಯೋಜನ?

ಮೀಟಿಂಗು ಮುಗಿದ ಮೇಲೆ ಅವನು ಸಾಹೇಬರ ಕೋಣೆಗೆ ಹೋಗಿ ಒಂದು ಮಾತು ಕೇಳಿದ. ಅಣ್ಣ ಸೋತ ಮೇಲೆ ಕಂಪನಿಯೇ ಕಾರ್ಖಾನೆ ಕೊಂಡುಕೊಳ್ಳಬೇಕು, ಅಣ್ಣನನ್ನು ಸೂಪರ್‌ವೈಸರ್ ಮಾಡಿ ಅಲ್ಲೇ ಇಟ್ಟುಕೊಳ್ಳಬೇಕು. ಸಾಹೇಬರು ಫೋನಿನಿಂದ ಕಣ್ಣೆತ್ತದೆ "ಆಗ್ಲಿ, ನೋಡೋಣ" ಎಂದರು. ಅವನು 'ಆಗ್ಲಿ'ಯನ್ನು ಜೋಪಾನವಾಗಿ ಜೇಬಿಗೆ ಹಾಕಿಕೊಂಡ, 'ನೋಡೋಣ'ವನ್ನು ಸಾಹೇಬರ ಮೇಜಿನ ಮೇಲೇ ಬಿಟ್ಟು ಬಂದ. ಅಣ್ಣನಿಗೆ ತಾನು ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದು ಅವನು ನಿಜವಾಗಿಯೂ ನಂಬಿದ್ದ. ಐವತ್ತು ದಾಟಿದ ಅಣ್ಣ ಚಳಿಯಲ್ಲೂ ತಣ್ಣೀರಲ್ಲಿ ಕೈಯದ್ದಿ ನಿಲ್ಲುವುದು ಇನ್ನೆಷ್ಟು ದಿನ?

ಸ್ಕೀಮು ಶುರುವಾಯಿತು. ಯಾವ ಕಂಪನಿಯದೇ ಆಗಲಿ, ನಾಲ್ಕು ಖಾಲಿ ಬಾಟಲಿ ತಂದರೆ ಒಂದು ತುಂಬಿದ ಬಾಟಲಿ ಪುಕ್ಕಟೆ. ಜೊತೆಗೆ ಅಂಗಡಿಗೊಂದು ಫ್ರಿಜ್ಜು, ಅದೂ ಪುಕ್ಕಟೆ. ಷರತ್ತು ಒಂದೇ, ಅದರೊಳಗೆ ಬೇರೆಯವರ ಬಾಟಲಿ ಇಡಕೂಡದು.

ಮೂಲೆ ಅಂಗಡಿಯಮ್ಮ ಎರಡು ಕ್ರೇಟು ಖಾಲಿ ಬಾಟಲಿ ಎತ್ತಿಕೊಡುವಾಗ ಅನುಮಾನಿಸಿದಳು. "ಇದು ನಿಮ್ಮಣ್ಣಂದಲ್ವೇನಪ್ಪ?"

"ಖಾಲಿ ಬಾಟಲಿಗೆ ಅಣ್ಣ ಯಾರು, ತಮ್ಮ ಯಾರು ಬಿಡಿಯಮ್ಮ" ಎಂದು ಅವನು ನಕ್ಕ. ಅವಳು ನಗಲಿಲ್ಲ. ಆದರೆ ಫ್ರಿಜ್ಜು ಇಳಿಸಿಕೊಂಡಳು.

ಆರು ವಾರದಲ್ಲಿ ಕಂಪನಿಯ ಗೋಡೌನಿನಲ್ಲಿ ಕಾಲಿಡಲು ಜಾಗ ಉಳಿಯಲಿಲ್ಲ. ಒಂದು ಭಾನುವಾರ ಮಧ್ಯಾಹ್ನ ಅಣ್ಣನ ಮನೆಯಲ್ಲಿ ಊಟ. ಅತ್ತಿಗೆ ಎಂದಿನಂತೆ ಮೈದುನನ ತಟ್ಟೆಗೆ ಬೇಡಬೇಡವೆಂದರೂ ಬಡಿಸಿದಳು. ಅಣ್ಣನ ಕೈ ತಟ್ಟೆಯಲ್ಲೇ ಇತ್ತು, ಬಾಯಿಗೆ ಹೋಗುತ್ತಿರಲಿಲ್ಲ.

"ಬಾಟಲಿ ವಾಪಸ್ ಬರ್ತಿಲ್ಲ ಕಣೋ ಮುಚ್ಚಳ. ಸೋಡಾ ಕೊಡಿ ಅಂತ ಅಂಗಡಿಯವ್ರು ಕೇಳ್ತಾರೆ, ಯಾವುದಕ್ಕೆ ತುಂಬಿ ಕೊಡ್ಲಿ, ಬೊಗಸೆಗಾ? ನಿಮ್ಮ ಕಂಪನಿಯಲ್ಲಿ ಯಾವನೋ ಪುಣ್ಯಾತ್ಮ ಸ್ಕೀಮು ಮಾಡಿದಾನಂತೆ."

ತಟ್ಟೆಯ ಮೇಲಿನ ಕಣ್ಣನ್ನು ತಮ್ಮ ತೆಗೆಯಲಿಲ್ಲ. "ಅಣ್ಣ, ಕಾರ್ಖಾನೆ ಮಾರಿಬಿಡು. ಕಂಪನಿ ತಗೊಳ್ಳತ್ತೆ, ನಾನು ಮಾತಾಡಿದೀನಿ. ನೀನು ಕುರ್ಚಿ ಮೇಲೆ ಕೂತು ಸಂಬಳ ತಗೋ."

ಅತ್ತಿಗೆಯ ಕೈಯಲ್ಲಿದ್ದ ಸೌಟು ಅಲ್ಲೇ ನಿಂತಿತು. ಅಣ್ಣ ಕಲಸಿದ ಅನ್ನವನ್ನು ತಟ್ಟೆಯ ಅಂಚಿಗೆ ಸರಿಸಿದ.

"ಅಪ್ಪ ಇದ್ದಿದ್ರೆ ಬೈದುಬಿಡ್ತಿದ್ರು. ಆದ್ರೆ ನೀನು ಹೇಳ್ತಿದೀಯ ಅಂದ್ರೆ ನಾಲ್ಕು ಸಲ ಯೋಚನೆ ಮಾಡೇ ಹೇಳ್ತಿರ್ತೀಯ. ಆಯ್ತು, ನಿಮ್ಮ ಸಾಹೇಬ್ರಿಗೆ ಹೇಳು."

ಮರುದಿನವೇ ಅಣ್ಣ ಯಂತ್ರ ನಿಲ್ಲಿಸಿದ. ಇಬ್ಬರು ಹೆಂಗಸರಿಗೂ ಬೇರೆ ಕಡೆ ಕೆಲಸ ನೋಡಿಕೊಳ್ಳಿರೆಂದು ಹೇಳಿ ಕಳಿಸಿದ. ತಮ್ಮ ಹಿಗ್ಗಿನಿಂದ ಸಾಹೇಬರ ಕೋಣೆಗೆ ಹೋದ.

ಸಾಹೇಬರಿಗೆ ಮೊದಲು ಅರ್ಥವೇ ಆಗಲಿಲ್ಲ. ಆದ ಮೇಲೆ ನಗು ಬಂತು.

"ಕೊಂಡ್ಕೊಳ್ಳೋಕೆ ಅಲ್ಲಿ ಏನ್ರೀ ಉಳಿದಿದೆ? ಬಾಟಲಿ ನಮ್ಮ ಗೋಡೌನಲ್ಲಿದೆ. ಅಂಗಡಿಗಳಲ್ಲೆಲ್ಲ ನಮ್ಮ ಫ್ರಿಜ್ಜಿದೆ. ಆ ತಗಡು ತಗೊಂಡು ನಾನೇನು ಮಾಡ್ಲಿ? ಇಷ್ಟು ಚೆನ್ನಾಗಿ ಹೊಡೆದಿದ್ದೇ ನೀವು, ಈಗ ನೀವೇ ಹೀಗಂದ್ರೆ!" ಎಂದವರು ಫೈಲೊಂದನ್ನು ಮುಂದೆ ತಳ್ಳಿದರು. "ಇದನ್ನ ಇನ್ನೂ ನಾಲ್ಕು ಊರಲ್ಲಿ ಮಾಡ್ತಿದ್ದೀವಿ. ನೀವೇ ಮುಂದೆ ನಿಂತು ನಡೆಸ್ಬೇಕು. ಹ್ಞಾಂ, ಆ ಹಳೇ ಬಾಟಲಿಗಳನ್ನ ಪುಡಿ ಮಾಡ್ಸಿ, ಜಾಗ ಖಾಲಿಯಾಗ್ಲಿ."

ಅವನು ಫೈಲನ್ನು ಮೇಜಿನ ಮೇಲೇ ಬಿಟ್ಟು ಬರಬಹುದಿತ್ತು. ಬಿಡಲಿಲ್ಲ, ಕಂಕುಳಲ್ಲಿಟ್ಟುಕೊಂಡು ಬಂದ. ಆ ವಾರವೆಲ್ಲ ಗೋಡೌನಿನ ಹಿಂದೆ ಗಾಜು ಒಡೆಯುವ ಸದ್ದು ಕೇಳುತ್ತಿತ್ತು. ಅಣ್ಣನ ಫೋನು ನಾಲ್ಕು ಸಲ ಬಂತು. ಎತ್ತಿಕೊಂಡು ಏನಂತ ಹೇಳುವುದು? ಅವನು ಹೇಡಿ, ಅಷ್ಟೇ.

ಶುಕ್ರವಾರ ಬೆಳಿಗ್ಗೆ ಗೋಡೌನಿನ ಮುಂದೆ ಖಾಲಿ ಬಾಟಲಿ ತಂದವರ ಸಾಲಿನಲ್ಲಿ ಅಣ್ಣ ನಿಂತಿದ್ದ. ಕಾರ್ಖಾನೆಯ ತಳ್ಳುಗಾಡಿಯಲ್ಲಿ ಉಳಿದಿದ್ದ ಕೊನೆಯ ಹನ್ನೊಂದು ಕ್ರೇಟು ಬಾಟಲಿ. ತಮ್ಮ ಓಡಿ ಬಂದು ಕೈ ಹಿಡಿದ.

"ಅಣ್ಣ, ಇಲ್ಯಾಕೆ ನಿಂತೆ? ಒಳಗೆ ಬಾ."

"ಸಾಲಲ್ಲೇ ಬರ್ತೀನಿ. ಸ್ಕೀಮು ಎಲ್ಲರಿಗೂ ಒಂದೇ ತಾನೇ?"

ಅಣ್ಣನ ಸರದಿ ಬಂದಾಗ ಕ್ರೇಟುಗಳನ್ನು ಒಂದೊಂದಾಗಿ ತಾನೇ ಇಳಿಸಿದ. ಬಾಟಲಿಗಳು ಫಳಫಳ ಹೊಳೆಯುತ್ತಿದ್ದವು. ಎಣಿಸುತ್ತಿದ್ದ ಗುಮಾಸ್ತ ನಕ್ಕು, ಪುಡಿ ಮಾಡೋ ಬಾಟಲಿ ಯಾಕೆ ಯಜಮಾನ್ರೇ ತೊಳೆದು ತಂದ್ರಿ ಎಂದ.

"ತೊಳೀದೆ ಬಾಟಲಿ ಕೊಟ್ಟು ಅಭ್ಯಾಸ ಇಲ್ಲಪ್ಪ" ಎಂದ ಅಣ್ಣ.

ತಮ್ಮ ಹತ್ತಿರ ಸರಿದು ದನಿ ತಗ್ಗಿಸಿದ. "ಅಣ್ಣ, ಸಾಹೇಬ್ರು ಮಾತು ತಪ್ಪಿದ್ರು. ನಾನು ನಿನಗೆ ಒಳ್ಳೇದಾಗ್ಲಿ ಅಂತ..."

"ಹನ್ನೊಂದು ದಿನದ ಲೆಕ್ಕ ಗೊತ್ತಿದ್ದಿದ್ದು ಮೂರೇ ಜನಕ್ಕೆ" ಎಂದ ಅಣ್ಣ, ದನಿ ಏರಿಸದೆ. "ಅಪ್ಪ ಸತ್ತು ಹತ್ತೊಂಬತ್ತು ವರ್ಷ ಆಯ್ತು. ನಾನಂತೂ ಯಾರಿಗೂ ಹೇಳಿಲ್ಲ."

ಅಣ್ಣ ಅಂಗಿ ಜೇಬಿನಿಂದ ಕಂಪನಿಯದೇ ಒಂದು ಅರ್ಜಿ ತೆಗೆದು ಬಿಡಿಸಿದ. ಫ್ರಿಜ್ಜಿನ ಅರ್ಜಿ. ಅತ್ತಿಗೆಯ ಗುಂಡಗಿನ ಅಕ್ಷರದಲ್ಲಿ ಎಲ್ಲ ತುಂಬಿತ್ತು.

"ಶೆಡ್ಡಿನ ಮುಂದೆ ನಿಮ್ಮತ್ತಿಗೆ ಸಣ್ಣದೊಂದು ಅಂಗಡಿ ಇಡ್ತಾಳೆ. ಷರತ್ತು ಓದಿದೀನಿ. ಬೇರೆಯವರ ಬಾಟಲಿ ಇಡಬಾರದು. ಇಡೋಣ ಅಂದ್ರೂ ಈಗ ಎಲ್ಲಿದೆ?"

ಗುಮಾಸ್ತನ ಮೇಜಿನ ಮೇಲಿದ್ದ ಪೆನ್ನನ್ನು ಅಣ್ಣ ಎತ್ತಿಕೊಂಡ. ನೀರಿನಲ್ಲಿ ನೆನೆದು ನೆನೆದು ಬಿಳಿಚಿಕೊಂಡ ಬೆರಳುಗಳು.

"ಎಲ್ಲಿ ಸೈನ್ ಹಾಕ್ಬೇಕು ಸಾರ್?"

ತಮ್ಮ ಬೆರಳಿಟ್ಟು ಜಾಗ ತೋರಿಸಿದ.